ತಟ್ಟೆಯ ಫೋಟೊ ಸಾಲದು

ಮಾನ್ಯ ಸಂಪಾದಕರೇ,

ಅಂಗನವಾಡಿಯಲ್ಲಿ ಆಹಾರ ವಿತರಣೆಗೆಂದೇ ಒಂದು ವಹಿ ಇರುತ್ತದೆ. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಮನೆಯಲ್ಲೇ ಆರೆಂಟು ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್‌ಗಳಲ್ಲಿ ಬಹಳ ಕಡೆ ಆ ಜಾಗಕ್ಕೆ ಪೋಷಕರಿಗೆ ಕಳಿಸುವ ತಟ್ಟೆಯ ವಾಟ್ಸ್‌ಆ್ಯಪ್ ಫೋಟೊ ಬಂದು ಕೂತಿದೆ. ಫೋಟೊದಲ್ಲಿ ಕಾಣುವುದು ಬಡಿಸಿದ್ದು. ಮಗುವಿನ ಹೊಟ್ಟೆಗೆ ಹೋದದ್ದಲ್ಲ.

ಗೋಡೆಗೆ ಅಂಟಿಸುವ ವಾರದ ಮೆನುವಿನಲ್ಲೂ ಒಂದು ಎಡವಟ್ಟಿದೆ. ಸೋಮವಾರ, ಗುರುವಾರ ಮಾತ್ರ ಬರುವ ಮಗುವಿಗೆ ವರ್ಷವಿಡೀ ಉಪ್ಪಿಟ್ಟು, ಟೊಮೆಟೊ ಬಾತೇ ಗತಿ. ಅದರ ಬದಲು ಹನ್ನೊಂದು ದಿನದ ಪಟ್ಟಿ ಮಾಡಿ, ಮುಗಿದ ಮರುದಿನವೇ ಮೊದಲಿನಿಂದ ಶುರು ಮಾಡಿದರೆ ಒಂದೊಂದು ತಿಂಡಿಯೂ ತಾನಾಗಿಯೇ ಬೇರೆ ಬೇರೆ ದಿನಕ್ಕೆ ಬರುತ್ತದೆ. ವಾರಕ್ಕೆ ಐದು ದಿನ ತೆರೆದರೂ ಆರು ದಿನ ತೆರೆದರೂ ಲೆಕ್ಕ ಕೂಡುತ್ತದೆ. ಐದು ದಿನ ತೆರೆಯುವಲ್ಲಿ ಹತ್ತರ ಪಟ್ಟಿ, ಆರು ದಿನ ತೆರೆಯುವಲ್ಲಿ ಹನ್ನೆರಡರ ಪಟ್ಟಿ ಮತ್ತೆ ಅದೇ ಸೋಮವಾರ, ಗುರುವಾರಕ್ಕೆ ಬಂದು ನಿಲ್ಲುತ್ತದೆ.

ಎರಡು ವರ್ಷದ ಆಸುಪಾಸಿನ ಮಗುವಿನ ಮಧ್ಯಾಹ್ನದ ಊಟಕ್ಕೆ 30 ಗ್ರಾಂ ಅಕ್ಕಿ, 15 ಗ್ರಾಂ ಬೇಳೆ ಎಂದು ಹಿಡಿದರೆ ಎಂಟು ಮಕ್ಕಳಿಗೆ 240 ಮತ್ತು 120 ಗ್ರಾಂ. ಬೇಳೆ ಬೆಂದ ಕೂಡಲೇ, ಉಪ್ಪು, ಹುಳಿಪುಡಿ, ಬೆಲ್ಲ ಬೀಳುವ ಮುನ್ನ, ವರ್ಷ ತುಂಬದ ಕೂಸಿನ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡಬೇಕು. ಆ ಕೂಸಿಗೆ ಜೇನುತುಪ್ಪ ಹನಿಯೂ ಬೇಡ, ಬಾಟುಲಿಸಂ ಎಂಬ ವಿಷಕಾರಿ ಕಾಯಿಲೆಯ ಭಯವಿದೆ. ಎಲ್ಲರೂ ಮರೆಯುವುದು ಒಗ್ಗರಣೆಯನ್ನು: ಚಿತ್ರಾನ್ನದ ಕಡಲೆಕಾಯಿ ಬೀಜ, ಉಪ್ಪಿಟ್ಟಿನಲ್ಲಿ ಹುರಿದು ಗಟ್ಟಿಯಾದ ಕಡಲೆಬೇಳೆ. ಇವು ಪುಟ್ಟ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಬೇಕು. ಅಡ್ಡ ಕೊಯ್ದರೆ ಬಿಲ್ಲೆ ದುಂಡಗೇ ಉಳಿಯುತ್ತದೆ.

ದಾಖಲೆಗೆ ಆ್ಯಪ್ ಬೇಕಿಲ್ಲ, 200 ಪುಟದ ನೋಟ್‌ಬುಕ್ ಸಾಕು. ಹೆಸರು, ಹೊತ್ತು, ಬಡಿಸಿದ್ದು, ತಿಂದದ್ದು, ಉಣಿಸಿದವರು. ‘ಚೆನ್ನಾಗಿ ತಿಂದಿದೆ’ ಎಂಬ ಮಾತಿಗೆ ಅರ್ಥವಿಲ್ಲ. ಒಂದೇ ಅಳತೆಯ ಬಟ್ಟಲುಗಳನ್ನಿಟ್ಟುಕೊಂಡು ಪೂರ್ತಿ, ಅರ್ಧ, ಕಾಲು, ಮುಟ್ಟಲಿಲ್ಲ ಎಂದು ಬರೆಯಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಹೊತ್ತಿಗೆ 250 ಮಿ.ಲೀ. ಬಟ್ಟಲಿನ ಮುಕ್ಕಾಲು ಭಾಗದಿಂದ ಪೂರ್ತಿಯವರೆಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಬರೆಯುವುದು ತಟ್ಟೆ ಎತ್ತುವಾಗಲೇ ಆಗಬೇಕು. ಸಂಜೆ ನೆನಪಿನಿಂದ ತುಂಬಿದ ಪುಟದಲ್ಲಿ ಎಂಟೂ ಮಕ್ಕಳು ‘ಪೂರ್ತಿ’ ತಿಂದಿರುತ್ತಾರೆ!

‘ಅನ್ನ ಸಾರು’ ಎಂದಷ್ಟೇ ಬರೆದರೂ ಉಪಯೋಗವಿಲ್ಲ. ಬೇಳೆ ಸಾರೋ ಟೊಮೆಟೊ ಸಾರೋ, ಪಲ್ಯಕ್ಕೆ ಕಡಲೆಕಾಯಿ ಪುಡಿ ಬಿತ್ತೋ ಇಲ್ಲವೋ? ರಾತ್ರಿ ಮೈಮೇಲೆ ದದ್ದೆದ್ದರೆ ವೈದ್ಯರು ಕೇಳುವುದು ಇದನ್ನೇ. ಮೆನು ತಪ್ಪಿದ ದಿನ ಬಿಳಿ ಶಾಯಿ ಬಳಿಯದೆ, ಒಂದು ಗೆರೆ ಎಳೆದು ನಿಜವಾಗಿ ಮಾಡಿದ್ದನ್ನು ಪಕ್ಕದಲ್ಲಿ ಬರೆಯಬೇಕು. ಮೊಟ್ಟೆಯಂಥ ಹೊಸ ಪದಾರ್ಥ ಒಂದು ಸಲಕ್ಕೆ ಒಂದೇ, ಅದೂ ಬೆಳಗ್ಗೆ. ಮಧ್ಯಾಹ್ನ ತಿನ್ನಿಸಿ ಮಲಗಿಸಿಬಿಟ್ಟರೆ ತುಟಿ ಊದಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಲನ್ನು ಊಟವೆಂದು ಯಾರೂ ಎಣಿಸುವುದಿಲ್ಲ. ಹಾಗಾಗಿ ಬರೆಯುವುದೂ ಇಲ್ಲ. ‘ಊಟವೇ ಮಾಡೋಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಅಲ್ಲೇ ಇರುತ್ತದೆ: 11.30ಕ್ಕೆ ಬಾಟಲಿಯಲ್ಲಿ 200 ಮಿ.ಲೀ. ಹಾಲು, 12.30ಕ್ಕೆ ಊಟ, ಎದುರಿಗೆ ‘ಮುಟ್ಟಲಿಲ್ಲ’. ಹಾಲನ್ನು ನಿದ್ದೆಯ ನಂತರಕ್ಕೆ ತಳ್ಳಿ, ಲೋಟದಲ್ಲಿ ಕೊಟ್ಟು, ಒಂದು ವಾರ ‘ತಿಂದದ್ದು’ ಕಾಲಂ ನೋಡಬೇಕು. ಹಾಲು ಅತಿಯಾದರೆ ಮಲಬದ್ಧತೆ ಬರುತ್ತದೆ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ.

ಡೇಕೇರ್ ನೋಡಲು ಹೋಗುವ ಪೋಷಕರು ಗೋಡೆಯ ಮೆನುವಿನ ಜತೆ ಕಳೆದ ವಾರದ ಪುಟಗಳನ್ನೂ ಕೇಳಲಿ. ಬೇರೆ ಮಕ್ಕಳ ಹೆಸರಿನ ಮೇಲೆ ಕಾಗದ ಮುಚ್ಚಿ ತೋರಿಸಿದರೆ ಸಾಕು.

– ಮನೆ ಡೇಕೇರ್ ನಡೆಸುವ ಗೆಳತಿಯರು, ಮೈಸೂರು