ತಗ್ಗಿಸಿದ ಕಾರು: ಹಿಂದಿನ ಚಕ್ರ ಯಾರು ನೋಡಬೇಕು?

ಮಾನ್ಯ ಸಂಪಾದಕರೇ,

ಮಾಡಿಫೈ ಮಾಡಿದ ಕಾರುಗಳನ್ನು ಪೊಲೀಸರು ಹಿಡಿದು ದಂಡ ಹಾಕಿದರು ಎಂಬ ಸುದ್ದಿ ಆಗಾಗ ಬರುತ್ತದೆ. ಹೆಚ್ಚಾಗಿ ಅದು ಸೈಲೆನ್ಸರ್ ವಿಷಯ. ಸದ್ದು ಊರಿಗೆಲ್ಲ ಕೇಳುತ್ತೆ, ಹಾಗಾಗಿ ಸುದ್ದಿಯಾಗುತ್ತೆ. ಮೈಸೂರಿನಲ್ಲಿ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ) ಅಂಗಡಿ ಇಟ್ಟುಕೊಂಡಿರುವ ನನಗೆ ದಿಗಿಲಾಗುವುದು ಸದ್ದೇ ಮಾಡದ ಜಾಗ ಕಂಡರೆ. ಅದು ಗಿಡ್ಡ ಸ್ಪ್ರಿಂಗ್ ಹಾಕಿ ನೆಲಕ್ಕೆ ತಗ್ಗಿಸಿದ ಕಾರಿನ ಟೈರಿನ ಒಳ ಅಂಚು.

ಇತ್ತೀಚೆಗೆ ಒಂದು ಹಳೇ ಹೋಂಡಾ ಸಿವಿಕ್ ಬಂತು. (ಸಿವಿಕ್ ಸ್ಪೋರ್ಟ್ಸ್ ಕಾರಾ ಅಂತ ಕೇಳಬೇಡಿ. ನಮ್ಮ ಹುಡುಗರ ಕೈಗೆಟುಕುವ ಸ್ಪೋರ್ಟ್ಸ್ ಕಾರು ಅದೇ.) ಗಿಡ್ಡ ಸ್ಪ್ರಿಂಗ್, 17 ಇಂಚಿನ ಅಲಾಯ್ ರಿಮ್. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗಿದೆ. ಲಿಫ್ಟಿಗೇರಿಸಿ ಹಿಂದಿನ ಚಕ್ರದ ಒಳಗಡೆ ಟಾರ್ಚ್ ಬಿಟ್ಟೆ. ರಬ್ಬರ್ ಸವೆದು ಟೈರಿನೊಳಗಿನ ತಂತಿ ಹೊರಗೆ ಬಂದಿತ್ತು. ಕಾರು ತಂದ ಹುಡುಗನ ಕೈಯಲ್ಲಿ ಬೇರೆ ಅಂಗಡಿಯವರು ಕೊಟ್ಟ ಅಲೈನ್‌ಮೆಂಟ್ ಪ್ರಿಂಟ್ ಇತ್ತು. ಅದರಲ್ಲಿ ಹಸಿರು ಅಂದರೆ ಸರಿ, ಕೆಂಪು ಅಂದರೆ ತಪ್ಪು. ಮುಂದಿನ ಎರಡೂ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರದ ಓರೆ) ಹಸಿರು. ಹಿಂದಿನ ಸಾಲು ಪೂರ್ತಿ ಕೆಂಪು, ಕ್ಯಾಂಬರ್ (ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲುವುದು) ಮೈನಸ್, ಅಂದರೆ ಒಳಗೆ, ಎರಡೂವರೆ ಡಿಗ್ರಿ ದಾಟಿತ್ತು. ‘ಹಿಂದೆ ಅಡ್ಜಸ್ಟ್ ಆಗಲ್ಲ ಅಂದ್ರು ಅಣ್ಣಾ’ ಅಂದ.

ಅರ್ಧ ನಿಜ. ಆ ಸಿವಿಕ್‌ನಲ್ಲಿ ಹಿಂದಿನ ಕ್ಯಾಂಬರ್ ಹೊಂದಿಸಲು ಕಂಪನಿ ಏನೂ ಕೊಟ್ಟಿಲ್ಲ, ಅದಕ್ಕೆ ಬೇರೆ ಆರ್ಮ್ (ಚಕ್ರವನ್ನು ಗಾಡಿಗೆ ಸೇರಿಸುವ ತೋಳು) ಹಾಕಬೇಕು. ಆದರೆ ಟೋ ಹೊಂದಿಸಲು ಬೋಲ್ಟ್ ಇದೆ. ಅದನ್ನು ಯಾರೂ ಮುಟ್ಟಿರಲಿಲ್ಲ. ಚಕ್ರ ಒಳಗೆ ವಾಲಿದ್ದಕ್ಕಿಂತ, ನೇರ ಉರುಳದೆ ಓರೆಯಾಗಿ ಉರುಳಿದ್ದೇ ಟೈರನ್ನು ಜಾಸ್ತಿ ತಿನ್ನುತ್ತದೆ. ಲೆಕ್ಕ ಸುಲಭ. ಒಂದು ಚಕ್ರ ಹೋಗುವ ದಾರಿಗಿಂತ 0.3 ಡಿಗ್ರಿ ಓರೆಯಿದ್ದರೆ ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಇಲ್ಲಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ 119 ಕಿಲೋಮೀಟರ್ ಹಿಡಿದರೆ, ತಲುಪುವ ಹೊತ್ತಿಗೆ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಉಜ್ಜಿರುತ್ತೆ. ಕಾರು ತಗ್ಗಿ ಕ್ಯಾಂಬರ್ ಹೆಚ್ಚಾಗಿದ್ದರೆ ಆ ಉಜ್ಜಾಟವೆಲ್ಲ ಒಳ ಅಂಚಿನ ಮೇಲೇ ಬೀಳುತ್ತದೆ.

ಇದನ್ನು ಕಂಡುಹಿಡಿಯಲು ಮಿಷನ್ನೇ ಬೇಕಂತಿಲ್ಲ. ಮೊದಲು ಕಣ್ಣಲ್ಲಿ ನೋಡಿ, ತಂತಿ ಕಾಣದಿದ್ದರೆ ಮಾತ್ರ ಟೈರಿನ ಮೇಲೆ ಅಂಗೈ ಆಡಿಸಿ. ಒಳಗಿನಿಂದ ಹೊರಗೆ ಒಂದು ಸಲ, ಹೊರಗಿನಿಂದ ಒಳಗೆ ಒಂದು ಸಲ. ಒಂದು ಕಡೆಗೆ ನುಣುಪಾಗಿದ್ದು ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಟೋ ತಪ್ಪಿದೆ. ಎರಡೂ ಕಡೆ ನುಣುಪಾಗಿಯೇ ಇದ್ದು ಒಳ ಅಂಚು ಮಾತ್ರ ಸವೆದಿದ್ದರೆ ಕ್ಯಾಂಬರ್ ನೋಡಿಸಿ.

ಕಾರು ತಗ್ಗಿಸಿದ ದಿನವೇ ಅಲೈನ್‌ಮೆಂಟ್ ಮಾಡಿ ಕಳಿಸುವುದೂ ಸರಿಯಲ್ಲ. ಹೊಸ ಸ್ಪ್ರಿಂಗ್ ಕೂರಲು ಕೆಲವು ದಿನ ಓಡಿಸಬೇಕು. ಅದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ, ತುಂಬ ಜನ ಬಿಟ್ಟುಬಿಡುತ್ತಾರೆ. ಆರ್ಮ್‌ಗಳ ಬುಷ್ (ಕೀಲಿನ ರಬ್ಬರ್) ಬೋಲ್ಟ್ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದಾಗ ಬಿಗಿಯಬೇಕು. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಟೈರಿನ ಗಾಳಿ, ಚಕ್ರದ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ನೋಡಿ, ಮೊದಲು ಹಿಂದಿನ ಚಕ್ರ ಹೊಂದಿಸಿ, ನಂತರ ಮುಂದಿನದು. ಹಿಂದಿನ ಎರಡು ಚಕ್ರಗಳ ಓರೆ ಒಂದೇ ಸಮ ಇಲ್ಲದಿದ್ದರೆ ಗಾಡಿ ಅಡ್ಡ ಎಳೆಯುತ್ತೆ. ಮುಂದೆ ಎಷ್ಟು ಹಸಿರು ಬಂದರೂ ಸ್ಟೇರಿಂಗ್ ಸೊಟ್ಟಗೇ ನಿಲ್ಲುತ್ತದೆ.

ಅಲಾಯ್ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ‘ಐದು ಹೋಲ್, ಕೂರುತ್ತೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮುಗಿಯಬಾರದು. ಆಫ್‌ಸೆಟ್ ಅಂದರೆ ರಿಮ್ಮಿನ ನಡುಮಧ್ಯದಿಂದ ಅದು ಗಾಡಿಗೆ ಕೂರುವ ಜಾಗಕ್ಕಿರುವ ದೂರ, ಮಿಲಿಮೀಟರಿನಲ್ಲಿ. ಆರೂವರೆ ಇಂಚು ಅಗಲದ, 45 ಆಫ್‌ಸೆಟ್‌ನ ರಿಮ್ ತೆಗೆದು ಎಂಟು ಇಂಚಿನ, 35 ಆಫ್‌ಸೆಟ್‌ನದು ಹಾಕಿದರೆ ಚಕ್ರದ ಹೊರ ಅಂಚು 29 ಮಿಲಿಮೀಟರ್ ಆಚೆ ಬರುತ್ತದೆ, ಒಳ ಅಂಚು 9 ಮಿಲಿಮೀಟರ್ ಒಳಗೆ ಹೋಗುತ್ತದೆ. ತಗ್ಗಿಸಿದ ಗಾಡಿಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಂಪ್ ಹಾರಿದಾಗ ಫೆಂಡರ್ (ಚಕ್ರದ ಮೇಲಿನ ತಗಡು) ಟೈರನ್ನು ಕೊಯ್ಯುತ್ತದೆ. ಇನ್ನೊಂದು, ಚಕ್ರ ಬಿಗಿಯುವ ಹೋಂಡಾದ ಮೂಲ ನಟ್‌ನ ತಳ ಗುಂಡಗಿರುತ್ತದೆ. ಹೊರಗೆ ಕೊಂಡ ಅಲಾಯ್‌ಗೆ ಸಾಮಾನ್ಯವಾಗಿ ಶಂಕುವಿನಾಕಾರದ್ದು ಬೇಕು. ಹಳೇ ನಟ್ಟನ್ನೇ ಹಾಕಿ ಬಿಗಿದರೆ ಪೂರ್ತಿ ಕೂರದೆ ಸಡಿಲವಾಗಬಹುದು. ಇನ್ನು ಸ್ಪ್ರಿಂಗ್ ಕತ್ತರಿಸಿಕೊಂಡು ಬರುವವರ ಗಾಡಿಗೆ ನಾನು ಅಲೈನ್‌ಮೆಂಟ್ ಮಾಡುವುದೇ ಇಲ್ಲ, ಅಷ್ಟೇ.

ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಲು ಅವಕಾಶವಿದೆ. ಗೊತ್ತಿದ್ದೂ ಹುಡುಗರು ತಗ್ಗಿಸುತ್ತಾರೆ. ಹಿಡಿದಾಗ ಪೊಲೀಸರು, ಸಾರಿಗೆ ಇಲಾಖೆಯವರು ಬಗ್ಗಿ ಟೈರಿನ ಒಳಗಡೆಯನ್ನೂ ನೋಡಲಿ. ಸದ್ದಿಗಿಂತ ಅಪಾಯ ಅಲ್ಲಿದೆ ಅಲ್ವಾ?

ನಮ್ಮ ಅಂಗಡಿಯವರಿಗೂ ಒಂದು ಮಾತು. ನಾಲ್ಕೂ ಚಕ್ರದ ಲೆಕ್ಕ, ಕೆಲಸಕ್ಕೆ ಮುಂಚಿನದು ಮತ್ತು ನಂತರದ್ದು, ಎರಡನ್ನೂ ಗಿರಾಕಿಗೆ ಕೊಡಿ. ಹಿಂದಿನ ಚಕ್ರ ಮುಟ್ಟದಿದ್ದರೆ ಬಿಲ್ಲಿನ ಮೇಲೆ ಹಾಗೇ ಬರೆದುಕೊಡಿ, ದುಡ್ಡೂ ಅಷ್ಟಕ್ಕೇ ತಗೊಳ್ಳಿ.

– ಒಬ್ಬ ವೀಲ್ ಅಲೈನ್‌ಮೆಂಟ್ ಮೆಕ್ಯಾನಿಕ್, ಮೈಸೂರು