‘ದಾಖಲೆ ಇಲ್ಲ’ ಎನ್ನುವ ಮೊದಲು ಸರ್ವರ್ ನೋಡಿ

ಮಾನ್ಯ ಸಂಪಾದಕರೇ,

ಸರ್ವರ್ ಕೈಕೊಟ್ಟು ಜನ ಕೌಂಟರಿನ ಮುಂದೆ ಕಾದು ನಿಂತ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಬರಲಿ. ಪೂರ್ತಿ ನಿಂತ ಸರ್ವರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಬೈಸಿಕೊಳ್ಳುತ್ತದೆ, ಯಾರೋ ಓಡಿಬಂದು ಸರಿಪಡಿಸುತ್ತಾರೆ. ಅರ್ಧ ನಿಂತ ಸರ್ವರ್ ಮಾತ್ರ ಎಂದೂ ಸುದ್ದಿಯಾಗುವುದಿಲ್ಲ, ಅದರಿಂದಾಗುವ ಹಾನಿಯೇ ದೊಡ್ಡದು.

ನಾನು ಬಾಗಲಕೋಟೆಯ ಒಂದು ಸಂಸ್ಥೆಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಮುಳುಗಡೆ ಹಳ್ಳಿಗಳಿಗೆ ಸಂಬಂಧಿಸಿದ ಹಳೆಯ ಅಧಿಸೂಚನೆ, ಪರಿಹಾರದ ಪಟ್ಟಿ, ಪತ್ರಿಕೆಯ ಪುಟಗಳನ್ನು ಸ್ಕ್ಯಾನ್ ಮಾಡಿ, ಹೆಸರನ್ನೋ ಸರ್ವೆ ನಂಬರನ್ನೋ ಹೇಳಿದರೆ ಹುಡುಕಿಕೊಡುವ ವ್ಯವಸ್ಥೆ ಅಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟು ನವನಗರಕ್ಕೋ ಪುನರ್ವಸತಿ ಕೇಂದ್ರಗಳಿಗೋ ಬಂದವರು, ಇಲ್ಲವೇ ಅವರ ಮಕ್ಕಳು ಹುಡುಕಿಕೊಂಡು ಬರುತ್ತಾರೆ. 1997ಕ್ಕೆ ಮುಂಚಿನ ಕಾಗದಗಳಲ್ಲಿ ಜಿಲ್ಲೆ ಬಿಜಾಪುರ ಎಂದೇ ಇರುವುದರಿಂದ ಹುಡುಕಾಟ ಮೊದಲೇ ಪೇಚಿನದು.

ಈ ಕೆಲಸ ನಡೆಯುವುದು ಎಲಾಸ್ಟಿಕ್‌ಸರ್ಚ್ ಎಂಬ ತಂತ್ರಾಂಶದಲ್ಲಿ, ಮೂರು ಯಂತ್ರಗಳ ಗುಂಪಿನ ಮೇಲೆ. 2010ರಲ್ಲಿ ಬಂದ ಈ ತಂತ್ರಾಂಶದ ಮೇಲೆ ನನ್ನ ದೂರಿಲ್ಲ. ದೊಡ್ಡ ಸೂಚಿಯನ್ನು ಅದು ಶಾರ್ಡ್ ಎಂಬ ತುಂಡುಗಳಾಗಿ ಒಡೆಯುತ್ತದೆ. ದಪ್ಪ ರಿಜಿಸ್ಟರ್ ಒಂದನ್ನು ಬಿಚ್ಚಿ ಮೂವರು ಗುಮಾಸ್ತರ ಮೇಜಿಗೆ ಹಂಚಿದ ಹಾಗೆ. ಪ್ರತಿ ತುಂಡಿಗೂ ಬೇರೊಂದು ಯಂತ್ರದಲ್ಲಿ ನಕಲು ಇಡಲು ಅವಕಾಶವಿದೆ. ಒಂದು ಯಂತ್ರ ಬಿದ್ದರೆ ನಕಲು ಮುಂದೆ ಬಂದು ಉತ್ತರ ಕೊಡುತ್ತದೆ, ಉಳಿದೆರಡು ಯಂತ್ರಗಳು ಬಹುಮತದಿಂದ ಗುಂಪನ್ನು ನಡೆಸುವ ಮುಖ್ಯ ನೋಡ್ (ಗುಂಪಿನ ಪ್ರತಿ ಯಂತ್ರಕ್ಕೂ ನೋಡ್ ಎನ್ನುತ್ತಾರೆ) ಆರಿಸಿಕೊಂಡು ಕೆಲಸ ಮುಂದುವರಿಸುತ್ತವೆ. ಯಂತ್ರ ಬೀಳುತ್ತದೆ ಎಂದು ಗೊತ್ತಿದ್ದೇ ಮಾಡಿದ ಏರ್ಪಾಡು ಇದು.

ಕಳೆದ ಬೇಸಿಗೆಯಲ್ಲಿ ಹಿರಿಯರೊಬ್ಬರು ಬೆಳಿಗ್ಗೆ ತಂದೆಯ ಹೆಸರು ಹುಡುಕಿಸಿ ಪುಟಸಂಖ್ಯೆ ಬರೆದುಕೊಂಡು ಹೋದರು. ಮಧ್ಯಾಹ್ನ ಪ್ರತಿ ತೆಗೆಸಲು ಬಂದರೆ ಅದೇ ಹೆಸರಿಗೆ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ. ಕೌಂಟರಿನ ಹುಡುಗ ಪರದೆಯನ್ನೇ ನಂಬಿದ. ಅವರು ಚೀಟಿ ಮುಂದೆ ಹಿಡಿದು ಜಗಳ ತೆಗೆದರು. ಅವರು ಜಗಳಗಂಟರಾಗಿದ್ದುದು ಒಳ್ಳೆಯದಾಯಿತು. ಸುಮ್ಮನೆ ಮನೆಗೆ ಹೋಗಿದ್ದರೆ ವಿಷಯ ನನ್ನವರೆಗೆ ಬರುತ್ತಲೇ ಇರಲಿಲ್ಲ.

ವ್ಯವಸ್ಥೆ ಕಟ್ಟಿಕೊಟ್ಟ ಗುತ್ತಿಗೆದಾರರಿಗೆ ಫೋನ್ ಮಾಡಿದೆ. ‘ಬಿಸಿಲಿಗೆ ಹಾಗಾಗುತ್ತದೆ ಮೇಡಂ, ಮೂರನ್ನೂ ರೀಸ್ಟಾರ್ಟ್ ಮಾಡಿಬಿಡಿ’ ಎಂದರು. ನಮ್ಮೂರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ನಿಜ. ಸರ್ವರ್ ಕೋಣೆಯ ಎ.ಸಿ. ಚೆನ್ನಾಗಿಯೇ ನಡೆಯುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಹಸಿರಾಗುತ್ತದೆ, ಯಾವ ಶಾರ್ಡ್ ಯಾಕೆ ಕಾಣೆಯಾಗಿತ್ತು ಎಂದು ಕೇಳುವ ಅವಕಾಶ ಹೋಗುತ್ತದೆ. ಆದ್ದರಿಂದ ನಾನು ಮೊದಲು ನೋಡ್‌ಗಳ ಪಟ್ಟಿ ತೆಗೆದೆ. ಒಂದು ಇರಲಿಲ್ಲ. ಆದರೆ ಆ ಯಂತ್ರ ಆರಿರಲಿಲ್ಲ, ಕೇಬಲ್ ಸಡಿಲವಾಗಿರಲಿಲ್ಲ. ಡಿಸ್ಕ್ ಕೂಡ ತುಂಬಿರಲಿಲ್ಲ.

ಕಾರಣ ಸಿಕ್ಕಿದ್ದು ಲಾಗ್‌ನಲ್ಲಿ, ಅಂದರೆ ತಂತ್ರಾಂಶ ತಾನೇ ಬರೆದಿಡುವ ದಿನಚರಿಯಲ್ಲಿ. ಮುಖ್ಯ ನೋಡ್ ಉಳಿದವುಗಳನ್ನು ಸೆಕೆಂಡಿಗೊಮ್ಮೆ ‘ಇದ್ದೀಯಾ’ ಎಂದು ವಿಚಾರಿಸುತ್ತಿರುತ್ತದೆ. 10 ಸೆಕೆಂಡಿನಲ್ಲಿ ಉತ್ತರ ಬಾರದೆ, ಹೀಗೆ ಬೆನ್ನುಬೆನ್ನಿಗೆ 3 ಸಲ ಆದರೆ ಆ ನೋಡನ್ನು ಗುಂಪಿನಿಂದ ತೆಗೆದುಹಾಕುತ್ತದೆ. ನಮ್ಮ ನೋಡ್ ಬದುಕಿತ್ತು, ಆದರೆ ಮೂಕವಾಗಿತ್ತು. 32 ಜಿಬಿ ಮೆಮೊರಿಯ ಯಂತ್ರದಲ್ಲಿ 28 ಜಿಬಿಯನ್ನು ಎಲಾಸ್ಟಿಕ್‌ಸರ್ಚ್‌ನ ಹೀಪ್‌ಗೇ, ಅಂದರೆ ಅದು ತನ್ನ ಕೆಲಸಕ್ಕೆ ಕಾದಿರಿಸಿಕೊಳ್ಳುವ ಮೆಮೊರಿಗೇ, ಬರೆದಿಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಕೊಡಬಾರದು, ಉಳಿದದ್ದು ಕಡತಗಳನ್ನು ಓದಿಟ್ಟುಕೊಳ್ಳಲು ಆಪರೇಟಿಂಗ್ ಸಿಸ್ಟಂಗೆ ಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಸಾಲದ್ದಕ್ಕೆ ಊಟದ ನಂತರ ಸ್ಕ್ಯಾನ್ ಪುಟಗಳಿಂದ ಅಕ್ಷರ ಗುರುತಿಸುವ ಪ್ರೋಗ್ರಾಂ ಕೂಡ ಅದೇ ಯಂತ್ರದಲ್ಲಿ ಓಡುತ್ತಿತ್ತು. ಮೆಮೊರಿ ಸಾಲದೆ ಯಂತ್ರ ಸ್ವಾಪ್ ಮಾಡತೊಡಗುತ್ತಿತ್ತು, ಅಂದರೆ ಮೆಮೊರಿಯಲ್ಲಿದ್ದುದನ್ನು ನಿಧಾನದ ಡಿಸ್ಕಿಗೆ ಸಾಗಿಸುತ್ತಿತ್ತು. ಹೀಪ್‌ನ ಕಸ (ಬಳಸಿ ಬಿಟ್ಟ ಮೆಮೊರಿ) ಗುಡಿಸುವ ಕೆಲಸ ಎಳೆದಾಡಿ, ಅಷ್ಟು ಹೊತ್ತು ನೋಡ್ ಯಾರ ಕರೆಗೂ ಓಗೊಡುತ್ತಿರಲಿಲ್ಲ. ಹೀಪ್ ಇಳಿಸಿದೆ, ಸ್ವಾಪ್ ನಿಲ್ಲಿಸಿದೆ, ಆ ಪ್ರೋಗ್ರಾಮನ್ನು ಬೇರೆ ಕಂಪ್ಯೂಟರಿಗೆ ಕಳಿಸಿದೆ. ಬಿಸಿಲು ಹಾಗೆಯೇ ಇತ್ತು, ನೋಡ್ ಬೀಳುವುದು ನಿಂತಿತು.

ನೋಡ್ ಬಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ನಕಲುಗಳ ಸಂಖ್ಯೆ ನೋಡಿದಾಗ: ಸೊನ್ನೆ. ಮೊದಲ ಸಲ ಪುಟಗಳನ್ನು ತುಂಬುವಾಗ ಬೇಗ ಮುಗಿಯಲೆಂದು ನಕಲು ಬೇಡ ಎಂದು ಬರೆಯುವುದು ವಾಡಿಕೆ. ತುಂಬಿದ ಮೇಲೆ ಒಂದಕ್ಕೆ ಏರಿಸಬೇಕು. ಗುತ್ತಿಗೆದಾರರು ಏರಿಸದೆಯೇ ಬಿಲ್ ಪಾಸು ಮಾಡಿಸಿಕೊಂಡು ಹೋಗಿದ್ದರು. ಮೂರೂ ಯಂತ್ರ ಸರಿಯಿದ್ದಾಗ ಗುಂಪಿನ ಸ್ಥಿತಿ ಹಸಿರು ಎಂದೇ ತೋರಿಸುತ್ತಿತ್ತು, ಯಾಕೆಂದರೆ ಕೇಳಿದಷ್ಟು ಶಾರ್ಡ್‌ಗಳು ಇದ್ದರೆ ಹಸಿರೇ. ನಕಲು ಕೇಳಿಯೇ ಇಲ್ಲದಿದ್ದರೆ ಅದರ ಕೊರತೆ ಎಲ್ಲಿ ಕಾಣಬೇಕು? ಒಂದು ಯಂತ್ರ ಹೊರಬಿದ್ದ ಕೂಡಲೇ ಅದರಲ್ಲಿದ್ದ ಪುಟಗಳು ಹುಡುಕಾಟದಿಂದ ಮಾಯ. ಆಗ ಸ್ಥಿತಿ ಕೆಂಪಾಗುತ್ತಿತ್ತು, ನೋಡುವವರು ಇರಲಿಲ್ಲ.

ಹುಡುಕಾಟ ಆಗಲೂ ನಿಲ್ಲುವುದಿಲ್ಲ. ಬೇರೆ ಸೂಚನೆ ಕೊಡದಿದ್ದರೆ ಎಲಾಸ್ಟಿಕ್‌ಸರ್ಚ್ ಸಿಕ್ಕ ಶಾರ್ಡ್‌ಗಳಿಂದಲೇ ಉತ್ತರ ಕೊಡುತ್ತದೆ. ಒಟ್ಟು ಶಾರ್ಡ್ ಎಷ್ಟು, ಉತ್ತರಿಸಿದವು ಎಷ್ಟು ಎಂಬುದನ್ನು ಜೊತೆಗೇ ಪ್ರಾಮಾಣಿಕವಾಗಿ ಕಳಿಸುತ್ತದೆ. ಪರದೆ ಬರೆದವರು ಆ ಸಾಲನ್ನು ಎಸೆದಿದ್ದರು. ಅಪೂರ್ಣ ಉತ್ತರದ ಬದಲು ದೋಷವನ್ನೇ ತೋರಿಸು ಎಂದು ಹೇಳುವ ಒಂದು ಸೆಟ್ಟಿಂಗ್ ಇದೆ, ಅದನ್ನೂ ಮುಟ್ಟಿರಲಿಲ್ಲ. ಹೀಗೆ ಪೂರ್ತಿ ಹುಡುಕದೆಯೇ ‘ನಿಮ್ಮ ತಂದೆಯ ಹೆಸರಿಲ್ಲ’ ಎಂದು ಹೇಳಿ ಕಳಿಸುವ ಯಂತ್ರ ತಯಾರಾಯಿತು. ಪರಿಹಾರದ ಕಡತಕ್ಕಾಗಿ ಕಾಲು ಸವೆಸಿದ ಕುಟುಂಬಗಳಿಗೆ ಈ ಮಾತು ಎಷ್ಟು ಭಾರ ಎಂದು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ.

ಹಳೆಯ ದಾಖಲೆಗಳನ್ನು ಹುಡುಕಿಕೊಡುವ ಸಂಸ್ಥೆ, ಕಚೇರಿಗಳು ಗುತ್ತಿಗೆದಾರರ ಕೆಲಸ ಒಪ್ಪಿಕೊಳ್ಳುವ ದಿನ ತಮ್ಮೆದುರೇ ಒಂದು ಯಂತ್ರದ ಪ್ಲಗ್ ಕೀಳಿಸಲಿ. ಅದೇ ಹೆಸರು ಮತ್ತೆ ಸಿಕ್ಕರೆ ಮಾತ್ರ ಸಹಿ ಹಾಕಲಿ. ಮೂರು ಎಂದು ಬಿಲ್ ಮಾಡಿದ ಯಂತ್ರಗಳು ಒಂದೇ ಪೆಟ್ಟಿಗೆಯೊಳಗಿನ ಮೂರು ವರ್ಚುವಲ್ ಯಂತ್ರಗಳಾಗಿದ್ದರೆ ಅದೂ ಆಗಲೇ ಬಯಲಾಗುತ್ತದೆ. ಎಲ್ಲ ಶಾರ್ಡ್‌ಗಳೂ ಉತ್ತರಿಸದಿದ್ದಾಗ ಪರದೆಯ ಮೇಲೆ ‘ಹುಡುಕಾಟ ಅಪೂರ್ಣ’ ಎಂದು ಕನ್ನಡದಲ್ಲಿ ಬರಲಿ. ಇದಕ್ಕೆ ಹೊಸ ಖರ್ಚೇನೂ ಇಲ್ಲ. ಇಂಥ ಕೌಂಟರಿನಲ್ಲಿ ಈಗಾಗಲೇ ‘ಇಲ್ಲ’ ಎಂದು ಕೇಳಿಸಿಕೊಂಡವರು ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಹುಡುಕಿಸಿ, ಆಗಲೂ ಇಲ್ಲವೆಂದರೆ ದಿನಾಂಕ, ಸಮಯ ಹಾಕಿಸಿ ಬರಹದಲ್ಲಿ ಪಡೆಯಿರಿ.

— ಸರ್ವರ್ ನಿರ್ವಾಹಕಿ, ನವನಗರ, ಬಾಗಲಕೋಟೆ