ನನ್ನ ಓದನ್ನು ಕೇಳಿಸಿಕೊಂಡವರಿಗೆ

ನಾನು ಓದಿದ ಮೊದಲ ಪೂರ್ಣ ಧ್ವನಿಪುಸ್ತಕ ಈ ವಾರ ಬಿಡುಗಡೆಯಾಗಿದೆ. ಕೋಲಾರದ ಬಾಡಿಗೆ ಮನೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ, ಹೆಚ್ಚಾಗಿ ರಾತ್ರಿ ಲಾರಿಗಳ ಓಡಾಟ ಕಡಿಮೆಯಾದ ಮೇಲೆ, ಧ್ವನಿಮುದ್ರಿಸಿಕೊಂಡ ಓದು ಅದು. ನಿಮ್ಮ ಕಂಠ ಚೆನ್ನಾಗಿದೆ ಎಂದು ಹಲವರು ಸಂದೇಶ ಕಳುಹಿಸಿದ್ದೀರಿ. ಎಲ್ಲರಿಗೂ ಮನಸಾರೆ ವಂದನೆಗಳು. ಆದರೆ ಕಂಠವೊಂದನ್ನೇ ನಂಬಿಕೊಂಡಿದ್ದರೆ ಈ ವೃತ್ತಿಯಲ್ಲಿ ನಾನು ಇಷ್ಟು ದೂರ ಬರುತ್ತಿರಲಿಲ್ಲ. ನನ್ನ ಓದನ್ನು ತಾಳ್ಮೆಯಿಂದ ಕೇಳಿ, ಎಲ್ಲಿ ಮಾತು ತಲುಪಲಿಲ್ಲವೆಂದು ನೇರವಾಗಿ ಹೇಳಿದ ಕೆಲವರಿದ್ದಾರೆ. ಹೆಸರು ಬರೆಯುವುದು ಬೇಡವೆಂದು ಅವರು ಕೇಳಿಕೊಂಡಿರುವುದರಿಂದ, ಕಲಿಸಿದ್ದನ್ನು ಹೇಳಿಯೇ ಅವರನ್ನು ನೆನೆಯುತ್ತೇನೆ.

ಮೊದಲ ವಂದನೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ಅಕ್ಕನಿಗೆ. ಆ ಊರಿನಲ್ಲಿ 2001ರಲ್ಲಿಯೇ ‘ನಮ್ಮ ಧ್ವನಿ’ ಎಂಬ ಸಮುದಾಯ ಮಾಧ್ಯಮ ಕೇಂದ್ರ ಆರಂಭವಾಗಿತ್ತು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅವಕಾಶ ಕೊಡುವ ಸರ್ಕಾರದ ನೀತಿ ಬಂದದ್ದು 2006ರಲ್ಲಿ. ಅದಕ್ಕೂ ಮುಂಚಿನ ಆ ದಿನಗಳಲ್ಲಿ ಊರಿನವರೇ ಸಿದ್ಧಪಡಿಸಿದ ಕಾರ್ಯಕ್ರಮಗಳು ಟಿ.ವಿ. ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹೋಗುತ್ತಿದ್ದವು. ಆ ಕಾಲದ ಮೈಕ್ ಕಂಡಿದ್ದ ಅಕ್ಕ ನನ್ನ ಮೊದಲ ಮಾದರಿ ಧ್ವನಿಯನ್ನು ಕೇಳಿ, “ಊರಿಗೆಲ್ಲ ಸಾರಬೇಡಮ್ಮ, ಎದುರಿಗೆ ಕೂತ ಒಬ್ಬರಿಗೆ ಹೇಳು” ಎಂದರು. ಇಂದಿಗೂ ಓದಲು ಕೂತಾಗ ಅವರೇ ಎದುರಿಗಿದ್ದಾರೆಂದು ಭಾವಿಸಿಕೊಂಡೇ ಆರಂಭಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚಿನ ಋಣ ನಿವೃತ್ತ ಕನ್ನಡ ಮೇಷ್ಟ್ರದು. ನಮ್ಮ ಮನೆಮಾತು ತೆಲುಗು. ಗಡಿ ಜಿಲ್ಲೆಯ ಅನೇಕ ಮನೆಗಳಂತೆ ಕನ್ನಡ ನಮಗೆ ಶಾಲೆಯಿಂದ ಬಂದದ್ದು. ಮಹಾಪ್ರಾಣಗಳನ್ನೂ ಶ, ಷ, ಸಗಳನ್ನೂ ಅವರು ಪ್ರತಿ ಸಂಜೆ ದಿನಪತ್ರಿಕೆಯ ಒಂದು ಅಂಕಣ ಓದಿಸಿ ತಿದ್ದಿದರು. ಆದರೆ ಅವರಿಂದ ಕಲಿತ ನಿಜವಾದ ವಿದ್ಯೆ ಉಸಿರಿನದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಓದುವವರ ಉಸಿರು ಮುಗಿಯುವುದೂ, ದನಿ ತಗ್ಗುವುದೂ ಅಲ್ಲಿಯೇ. ‘ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು’ ಎಂಬಲ್ಲಿ ಕೊನೆಯ ‘ಬಾರದು’ ಗಂಟಲಲ್ಲೇ ಉಳಿದರೆ ಕೇಳಿದವರಿಗೆ ಆಗುವ ಅಪಾಯವನ್ನು ಯೋಚಿಸಿ. ಮೇಷ್ಟ್ರು ಪೆನ್ಸಿಲಿನಿಂದ ವಾಕ್ಯದ ನಡುವೆ, ಅರ್ಥ ಕಡಿಯದ ಜಾಗದಲ್ಲಿ, ಸಣ್ಣ ಓರೆಗೆರೆ ಎಳೆದು ಅಲ್ಲಿ ಉಸಿರು ತೆಗೆದುಕೊಳ್ಳಲು ಹೇಳುತ್ತಿದ್ದರು. ಧ್ವನಿಪುಸ್ತಕದ ಹಸ್ತಪ್ರತಿಯ ಒಂದೊಂದು ಪುಟದಲ್ಲಿಯೂ ಅಂಥ ಗೆರೆಗಳಿವೆ. ನಾನು ಕಂಡಂತೆ, ಕನ್ನಡದಲ್ಲಿ ಓದು ಕಲಿಯುವವರು ಬೇರೆಲ್ಲಕ್ಕಿಂತ ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸ ಇದೇ.

ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ದುಡಿಯುವ ಸೌಂಡ್ ಎಂಜಿನಿಯರ್ ಗೆಳೆಯ, ದುಬಾರಿ ಮೈಕ್ ಕೊಳ್ಳಲು ಹೊರಟಿದ್ದ ನನ್ನನ್ನು ತಡೆದು, ಮೊದಲು ಕೋಣೆಯನ್ನು ಸರಿಪಡಿಸಿಕೊಳ್ಳಲು ಹೇಳಿದರು. ಬರಿಗೋಡೆಗೆ ಬಡಿದು ಮರಳುವ ದನಿಯನ್ನು ಯಾವ ಮೈಕೂ ಮರೆಮಾಚುವುದಿಲ್ಲ. ಒಳ್ಳೆಯ ಮೈಕ್ ಅದನ್ನು ಇನ್ನೂ ಸ್ಪಷ್ಟವಾಗಿ ಹಿಡಿದುಕೊಡುತ್ತದೆ. ನಮ್ಮ ಬೀದಿಯ ಹಾಸಿಗೆ ಅಂಗಡಿಯವರು ಹಳೆಯ ಹತ್ತಿ ಹಾಸಿಗೆಗಳನ್ನು ಹಣ ಪಡೆಯದೆ ಕೊಟ್ಟರು, ತಾವೇ ಬಂದು ಗೋಡೆಗೆ ಒರಗಿಸಿ ಕಟ್ಟಿದರು. ಮಾತಿಲ್ಲದ ಹೊತ್ತಿನ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು, ಅತಿ ಜೋರಿನ ಅಕ್ಷರವೂ ಮೈನಸ್ 3 ದಾಟಬಾರದು ಎಂಬುದು ಧ್ವನಿಪುಸ್ತಕಗಳಲ್ಲಿ ಬಹಳ ಕಡೆ ಬಳಕೆಯಲ್ಲಿರುವ ಅಳತೆ (ಈ ಅಳತೆಯಲ್ಲಿ ಸೊನ್ನೆಯೇ ಅತಿ ಜೋರು, ಮೈನಸ್ ಹೆಚ್ಚಿದಷ್ಟೂ ಸದ್ದು ಕಡಿಮೆ). ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಿಕೊಳ್ಳುವುದನ್ನೂ, ‘ಪ’, ‘ಭ’ಗಳ ಗಾಳಿ ನೇರವಾಗಿ ಹೊಡೆಯದಂತೆ ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇಟ್ಟುಕೊಳ್ಳುವುದನ್ನೂ ಗೆಳೆಯ ಫೋನಿನಲ್ಲಿಯೇ ಕಲಿಸಿದರು.

ವ್ಯವಹಾರವನ್ನು ಕಲಿಸಿದವರು ಹಿರಿಯ ಡಬ್ಬಿಂಗ್ ಕಲಾವಿದೆಯೊಬ್ಬರು. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಚಿತ್ರರಂಗದ ಸಂಘಟನೆಗಳು ಒಡ್ಡಿದ್ದ ತಡೆಯ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿದ ನಂತರದ ವರ್ಷಗಳಲ್ಲಿ ಕನ್ನಡದ ದನಿಗಳಿಗೆ ಕೆಲಸ ಹೆಚ್ಚಿತು. ಅದನ್ನು ಹತ್ತಿರದಿಂದ ನೋಡಿದವರು ಅವರು. ಒಂದು ಸಂಸ್ಥೆ ನನ್ನ ಕೆಲಸ ಪಡೆದು ಹಣ ಕೊಡದೆ ತಿಂಗಳುಗಟ್ಟಲೆ ಸತಾಯಿಸಿದಾಗ, ಈ ವೃತ್ತಿಯೇ ಬೇಡವೆನ್ನಿಸಿತ್ತು. ಆಗ ಅವರು ಕರೆದು ಕೂರಿಸಿಕೊಂಡು, ಓದಿದ್ದಕ್ಕೆ ಕೊಡುವ ಹಣವೇ ಬೇರೆ, ಆ ದನಿಯನ್ನು ಬಳಸುವುದಕ್ಕೆ ಕೊಡುವ ಹಣವೇ ಬೇರೆ ಎಂಬುದನ್ನು ಬಿಡಿಸಿ ಹೇಳಿದರು. ಜಾಹೀರಾತು ಯಾವ ಮಾಧ್ಯಮದಲ್ಲಿ, ಎಷ್ಟು ಕಾಲ ಬರುತ್ತದೆ, ಗ್ರಾಹಕರೇ ಬರಹ ಬದಲಿಸಿದರೆ ಮತ್ತೆ ಧ್ವನಿಮುದ್ರಿಸಲು ಎಷ್ಟು, ಕೃತಕ ಬುದ್ಧಿಮತ್ತೆಯಿಂದ ನನ್ನ ದನಿಯ ನಕಲು ತಯಾರಿಸುವಂತಿಲ್ಲ ಎಂಬ ಷರತ್ತು ಇದೆಯೇ, ಇವೆಲ್ಲ ಧ್ವನಿಮುದ್ರಣಕ್ಕೆ ಮೊದಲೇ ಬರಹದಲ್ಲಿರಬೇಕೆಂದರು. ಕೊನೆಯ ಷರತ್ತಿನಲ್ಲಿ ರಾಜಿ ಬೇಡವೆಂಬ ಅವರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ವೃತ್ತಿ ಶುಲ್ಕದಲ್ಲಿ ಸಂಸ್ಥೆಗಳು ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿತ ಮಾಡಿದರೆ, ನಮ್ಮ ಆದಾಯಕ್ಕೆ ತೆರಿಗೆ ಬಾರದಿದ್ದಾಗ ರಿಟರ್ನ್ಸ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದೆಂಬುದನ್ನು ತಿಳಿಸಿ, ಲೆಕ್ಕಪತ್ರ ನೋಡಿಕೊಡುತ್ತಿರುವ ಇಲ್ಲಿನ ತೆರಿಗೆ ಸಲಹೆಗಾರರಿಗೂ ನನ್ನ ನಮಸ್ಕಾರಗಳು.

ನಾನು ಕೋಣೆಯ ಬಾಗಿಲು ಹಾಕಿದೊಡನೆ ಫ್ಯಾನ್ ನಿಲ್ಲಿಸಿ, ಮಿಕ್ಸಿಯ ಕೆಲಸವನ್ನು ಬೆಳಗ್ಗೆಗೆ ಮುಂದೂಡಿ, ಬೇಸಗೆಯ ಸೆಕೆಯನ್ನು ಸಹಿಸಿಕೊಂಡ ಅಮ್ಮ ಮತ್ತು ತಮ್ಮನಿಗೆ ಏನು ಹೇಳಿದರೂ ಕಡಿಮೆಯೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಕೆಲಸ ಕಲಿಯಲು ಬಯಸುವವರು ಇದ್ದರೆ, ದಯವಿಟ್ಟು ಸಂಕೋಚಪಡದೆ ಒಂದೆರಡು ನಿಮಿಷದ ಓದನ್ನು ಮೊಬೈಲಿನಲ್ಲಿಯೇ ಮುದ್ರಿಸಿ ನನಗೆ ಕಳುಹಿಸಿ. ಭಾನುವಾರಗಳನ್ನು ಅದಕ್ಕೆಂದೇ ಬಿಡುವು ಮಾಡಿಕೊಂಡಿದ್ದೇನೆ. ಪೂರ್ತಿ ಕೇಳಿ, ನನಗೆ ತೋಚಿದ್ದನ್ನು ಬರೆದು ತಿಳಿಸುತ್ತೇನೆ.